ಸುಲಭ ನಡಿಗೆಯ ನಕ್ಷೆ

ಹೋದ ವಾರ ಗ್ಯಾಸಿನ ಪುಸ್ತಕ ಹುಡುಕಲು ಮೇಜಿನ ಕೆಳಖಾನೆ ಎಳೆದೆ. ಪುಸ್ತಕ ಸಿಗಲಿಲ್ಲ. ಸಿಗುವ ಜಾಗದಲ್ಲಿ ಇಟ್ಟಿದ್ದರೆ ನಾನು ಹುಡುಕುತ್ತಲೇ ಇರಲಿಲ್ಲ, ಬಿಡಿ. ಸಿಕ್ಕಿದ್ದು ಬೆಂಕಿಪೊಟ್ಟಣದಷ್ಟು ಗಾತ್ರದ, ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಒಂದು ಯಂತ್ರ. ಈಗ ಆ ಕೆಲಸವನ್ನು ಮೊಬೈಲೇ ಮಾಡುವುದರಿಂದ ನಿಮ್ಮಲ್ಲಿ ಚಿಕ್ಕವರು ಅದನ್ನು ಕಂಡಿರಲಿಕ್ಕಿಲ್ಲ. ಸೆಲ್ಲು ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ಅಭ್ಯಾಸಬಲದಿಂದ ಅದನ್ನು ಕೈಯಲ್ಲಿ ಹಿಡಿದು ನಾಲ್ಕು ಸಲ ಅಲ್ಲಾಡಿಸಿದೆ.

ಈ ಅಲ್ಲಾಡಿಸುವ ಅಭ್ಯಾಸದ ಬಗ್ಗೆ ಹೇಳಬೇಕು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಆಗ ನಾನು ಜಿಗಣಿಯಲ್ಲಿ ಪಂಪುಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದೆ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ನೋಡುತ್ತಾ ಕೂರುವುದು ನನ್ನ ಉದ್ಯೋಗ. ಬೇರೆಯವರ ಓಡಾಟ ಬರೆದಿಡುವ ಕೆಲಸಕ್ಕೆ ಸ್ವಂತ ಓಡಾಟ ಬೇಕಿಲ್ಲ. ಹಾಗಾಗಿ ನನ್ನ ಹೊಟ್ಟೆ ವರ್ಷಕ್ಕೊಂದು ಬೆಲ್ಟಿನ ತೂತಿನಂತೆ ಮುಂದಕ್ಕೆ ಹೋಗುತ್ತಿತ್ತು. ಕಂಪನಿಯವರಿಗೆ ನಮ್ಮೆಲ್ಲರ ಆರೋಗ್ಯದ ಮೇಲೆ ಏಕಾಏಕಿ ಪ್ರೀತಿ ಬಂದು ಒಬ್ಬೊಬ್ಬರಿಗೂ ಈ ಯಂತ್ರ ಹಂಚಿದರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಬೇಕು ಎಂದರು. ಕುರ್ಚಿಯಲ್ಲಿ ಕೂತು ಕಾಲು ಕುಣಿಸಿದರೂ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೂ ಅದು ಹೆಜ್ಜೆಯೆಂದೇ ನಂಬುತ್ತದೆ ಎನ್ನುವುದನ್ನು ನಾನು ಎರಡನೆಯ ದಿನವೇ ಕಂಡುಕೊಂಡೆ. ಕೆಳಗೆ ಪ್ರೆಸ್ ಮಷಿನ್ನಿನವನೊಬ್ಬ ನನಗಿಂತ ಬುದ್ಧಿವಂತ; ಯಂತ್ರವನ್ನು ಮಷಿನ್ನಿನ ಹಿಡಿಗೇ ಕಟ್ಟಿಬಿಟ್ಟ. ಶಿಫ್ಟು ಮುಗಿಯುವ ಹೊತ್ತಿಗೆ ಅವನು ಹೊಸೂರಿಗೆ ಹೋಗಿ ವಾಪಸು ಬಂದಷ್ಟು ನಡೆದಿರುತ್ತಿದ್ದ. ತಿಂಗಳ ಕೊನೆಯಲ್ಲಿ ಅವನಿಗೇ ಬಹುಮಾನ ಬಂತು. ಅವನು ಕುಂಟುತ್ತಾ ಹೋಗಿ ತೆಗೆದುಕೊಂಡ.

ಅದೇ ವರ್ಷ ಇಂಗ್ಲೆಂಡಿನ ಮೂಲ ಕಂಪನಿಯಿಂದ ಕಾಲಿನ್ ಎಂಬ ಸಾಹೇಬರು ನಮ್ಮ ಕಾರ್ಖಾನೆಯ ಮುಖ್ಯಸ್ಥರಾಗಿ ಬಂದರು. ಹೆಸರಿಗೆ ತಕ್ಕಂತೆ ಅವರು ಪೂರ್ತಿ ಕಾಲಿನ ಮನುಷ್ಯ. ಉದ್ದನೆಯ ಆಸಾಮಿ. ಕಾರು ಕೊಟ್ಟರೆ ಕಾರನ್ನು ಹಿಂದೆ ಬರಲು ಹೇಳಿ ತಾವು ಮುಂದೆ ನಡೆಯುವವರು. ಜಿಗಣಿಯ ರಸ್ತೆಯಲ್ಲಿ ಲಾರಿಗಳ ಧೂಳಿನಲ್ಲಿ ಅವರು ನಡೆದು ಹೋಗುತ್ತಿದ್ದರೆ, ಪಾಪ ಕಾರು ಕೆಟ್ಟಿದೆಯೆಂದುಕೊಂಡು ಆಟೋದವರು ನಿಲ್ಲಿಸಿ ಕರೆಯುತ್ತಿದ್ದರು.

ಒಂದು ದಿನ ಸಾಹೇಬರು ನನ್ನನ್ನು ಕರೆಸಿ ತಮ್ಮ ಊರಿನಿಂದ ತಂದಿದ್ದ ಬಣ್ಣದ ಹಾಳೆಯೊಂದನ್ನು ಕೊಟ್ಟರು. ಅದರಲ್ಲಿ ಹಸಿರು ಹುಲ್ಲು, ದೂರ ದೂರ ನಿಂತ ದಪ್ಪ ಮರಗಳು, ನಾಯಿ ಹಿಡಿದುಕೊಂಡ ಒಬ್ಬ ಮುದುಕ, ಅವನ ಪಕ್ಕದಲ್ಲಿ ನಗುತ್ತಿರುವ ಮುದುಕಿ. ಅವರು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿರುವವರ ಹಾಗೆ ಕಾಣುತ್ತಿರಲಿಲ್ಲ. ಕೆಳಗೆ ಒಂದು ಸಾಲು. ಇದನ್ನು ಕನ್ನಡಕ್ಕೆ ತಂದು ನೋಟೀಸು ಬೋರ್ಡಿಗೆ ಹಾಕಬೇಕು, ಇಂಥದೇ ಒಂದು ಜಾಗವನ್ನು ಹತ್ತಿರದಲ್ಲೇ ಹುಡುಕಬೇಕು, ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗಬೇಕು ಎಂದರು. ಆಫೀಸಿನಲ್ಲಿ ಕನ್ನಡ ಟೈಪು ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ ಕಾಡು ಹುಡುಕುವ ಯೋಗ್ಯತೆಯೂ ನನಗೇ ಇದೆಯೆಂದು ಅವರು ತಿಳಿದಂತಿತ್ತು.

ನಾನು ಊಟದ ಹೊತ್ತೆಲ್ಲ ಕೂತು ಬರೆದೆ: ‘ಐತಿಹಾಸಿಕ ಉದ್ಯಾನಭೂಮಿ ಹಾಗೂ ಪ್ರಾಚೀನ ಅರಣ್ಯದ ಮೂಲಕ ಸುಲಭ ಗ್ರಾಮೀಣ ನಡಿಗೆ.’ ‘ಸುಲಭ’ ಎಂಬ ಮಾತು ಬಹಳ ಕಾಟ ಕೊಟ್ಟಿತು. ಅದನ್ನು ಓದಿದರೆ ಬೀದಿಬದಿಯ ಶೌಚಾಲಯದ ನೆನಪಾಗುತ್ತಿತ್ತು. ಬೇರೆ ಮಾತು ಹೊಳೆಯದೆ ಅದನ್ನೇ ಬಿಟ್ಟೆ.

ಬೋರ್ಡಿನಲ್ಲಿ ಅದನ್ನು ಮೊದಲು ಓದಿದವನು ಶರಣಪ್ಪ. ಯಾದಗಿರಿ ಕಡೆಯವನು, ಮೂವತ್ತರ ಹತ್ತಿರದ ವಯಸ್ಸು. ಗುತ್ತಿಗೆಯ ಮೇಲೆ ಲಾರಿಗಳಿಗೆ ಮಾಲು ತುಂಬುತ್ತಿದ್ದ. ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ಮುಗಿಸಿ ನನ್ನ ಕಿಟಕಿಗೆ ಬಂದ.

“ಸರ, ಇದು ಎಲ್ಲೈತ್ರಿ? ಬಸ್ ಐತೇನ್ರಿ ಅಲ್ಲಿಗೆ?”

“ನಡೆಯೋದಕ್ಕೆ ಬಸ್ ಯಾಕಯ್ಯಾ?”

“ನಡಿಯೂ ಜಾಗಕ್ಕ ಹೋಗಾಕ ಬೇಕಲ್ರಿ.”

ಅವನ ಮಾತಿಗೆ ಆಗ ನಕ್ಕೆ. ಈಗ ನಮ್ಮ ಬಡಾವಣೆಯವರು ವಾಕಿಂಗಿಗೆ ಹೋಗಲು ಕಾರಿಗೆ ಪಾರ್ಕಿಂಗ್ ಹುಡುಕುವುದನ್ನು ಕಂಡಾಗ ಶರಣಪ್ಪ ದೂರ ನೋಡಿದ್ದ ಎನಿಸುತ್ತದೆ.

ನಿಜ ಹೇಳಬೇಕೆಂದರೆ ಕೆಲಸವಿಲ್ಲದೆ ನಡೆಯುವುದು ನನ್ನ ವಂಶದಲ್ಲೇ ಇಲ್ಲ. ನಮ್ಮಪ್ಪ ಮಾಲೂರಿನಿಂದ ಬೆಂಗಳೂರಿಗೆ ಓಡುತ್ತಿದ್ದ ಖಾಸಗಿ ಬಸ್ಸಿನ ಕಂಡಕ್ಟರು. ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರನ ಬೆನ್ನಿನವರೆಗೆ, ಅಲ್ಲಿಂದ ಹಿಂದಿನ ಬಾಗಿಲಿಗೆ, ಹೀಗೆ ದಿನವಿಡೀ. “ಎಲ್ಲರೂ ಬೆಂಗಳೂರಿಗೆ ಬಸ್ಸಲ್ಲಿ ಹೋದ್ರೆ ನಾನು ಬಸ್ಸೊಳಗೇ ನಡ್ಕೊಂಡು ಹೋಗ್ತೀನಿ ಕಣೋ” ಎನ್ನುತ್ತಿದ್ದ. ಮನೆಗೆ ಬಂದು ಒಮ್ಮೆ ಕಾಲು ಚಾಚಿದನೆಂದರೆ ಮೂಲೆಯ ಅಂಗಡಿಗೂ ಏಳುತ್ತಿರಲಿಲ್ಲ. ಅವನು ಕಾಲು ಚಾಚಿದ್ದ ಗೋಡೆಯ ಮೇಲೆ ಎರಡು ಹಿಮ್ಮಡಿಯ ಜಿಡ್ಡಿನ ಗುರುತು ಕಣ್ಣಿನ ಹಾಗೆ ನಮ್ಮನ್ನೇ ನೋಡುತ್ತಿತ್ತು. ನಾನು ಹುಡುಗನಾಗಿದ್ದಾಗ ಒಮ್ಮೆ ಸುಮ್ಮನೆ ಊರ ಸುತ್ತ ನಡೆದು ಬಂದೆನೆಂದು ಅಮ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದ್ದಳು. ನಮ್ಮ ಬೀದಿಯಲ್ಲಿ ಹಾಗೆ ನಡೆಯುತ್ತಿದ್ದವರು ಇಬ್ಬರೇ: ಒಬ್ಬ ಬುದ್ಧಿ ಸರಿಯಿಲ್ಲದವನು, ಇನ್ನೊಬ್ಬರು ನಿವೃತ್ತ ಹೆಡ್ ಮಾಸ್ಟರು. ದೂರದಿಂದ ಇಬ್ಬರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಮಾತು ಎಲ್ಲಿಗೋ ಹೊರಟಿತು. ಹಳೆಯ ದೊಡ್ಡ ಮರಗಳು ಬೇಕು, ಗಾಡಿಗಳ ಗಲಾಟೆ ಇರಬಾರದು, ಒಂದಿಷ್ಟು ಕಾಡೂ ಇದ್ದರೆ ಒಳ್ಳೆಯದು ಎಂದು ಶರಣಪ್ಪನಿಗೆ ವಿವರಿಸಿದೆ. ಅವನು ತಲೆ ಕೆರೆದುಕೊಂಡು, “ನಾ ದಿನಾ ಅದರಾಗ ಹಾದು ಬರ್ತೀನ್ರಿ ಸರ. ನಮ್ಮ ಕಂಪೌಂಡಿನ ಹಿಂದ ಐತಿ” ಎಂದ.

ಹನ್ನೊಂದು ವರ್ಷ ಆ ಕಾರ್ಖಾನೆಯಲ್ಲಿದ್ದರೂ ನಾನು ಅದರ ಬೆನ್ನನ್ನು ನೋಡಿರಲಿಲ್ಲ. ಕಂಪನಿ ಬಸ್ಸು ಮುಂದಿನ ಗೇಟಿನಲ್ಲಿ ಇಳಿಸಿ ಅಲ್ಲೇ ಹತ್ತಿಸಿಕೊಳ್ಳುತ್ತಿತ್ತು. ಅಂದು ಶರಣಪ್ಪನ ಜೊತೆ ಹಿಂದಿನ ಸಣ್ಣ ಗೇಟು ತೆಗೆಸಿ ಹೊರಗೆ ಹೋದರೆ ಅಲ್ಲಿ ಒಂದು ಗುಂಡುತೋಪು. ಊರಿನ ದನಗಳಿಗೂ ದಾರಿಹೋಕರಿಗೂ ನೆರಳಾಗಲೆಂದು ಹಿಂದಿನವರು ಊರಾಚೆ ನೆಟ್ಟು ಬಿಟ್ಟಿದ್ದ ತೋಪು. ಹುಣಸೆ, ಮಾವು, ನೇರಳೆ, ಇಪ್ಪೆ. ಮೂವರು ತಬ್ಬಿದರೂ ಕೈ ಸೇರದ ಬೊಡ್ಡೆಗಳು. ನಡುವೆ ಬಂಡಿಜಾಡು. ಅದರಾಚೆ, ಕೆರೆಯ ಕಡೆಗೆ, ಬಳ್ಳಿ ಮುಳ್ಳು ಹೆಣೆದುಕೊಂಡು ಕತ್ತಲುಗಟ್ಟಿದ ಮುನೇಶ್ವರನ ಬನ. ಸಾಹೇಬರ ಹಾಳೆಯ ಉದ್ಯಾನವೂ ಅರಣ್ಯವೂ ನಮ್ಮ ಕ್ಯಾಂಟೀನಿನ ಎಂಜಲು ನೀರು ಹರಿದುಹೋಗುವ ಜಾಗದಿಂದ ಇನ್ನೂರು ಹೆಜ್ಜೆ ದೂರದಲ್ಲಿ ಎಷ್ಟೋ ತಲೆಮಾರಿನಿಂದ ನಿಂತಿದ್ದವು.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಈಗ ಅಲ್ಲಿರುವವರು ಇದು ನಮ್ಮೂರಲ್ಲ ಎಂದು ಜಗಳಕ್ಕೆ ಬಂದಾರು.

ನಾನು ಬಾಯಿಬಿಟ್ಟುಕೊಂಡು ನಿಂತಿದ್ದಾಗ ಒಣಸೌದೆಯ ಹೊರೆ ಹೊತ್ತ ಒಬ್ಬ ಹೆಂಗಸು ಬಂದರು. ಅರವತ್ತೈದು ದಾಟಿದ ವಯಸ್ಸು, ಗಟ್ಟಿ ಜೀವ. ಪಿಳ್ಳಮ್ಮ ಎಂದು ಹೆಸರು. ಶರಣಪ್ಪನಿದ್ದ ಸಾಲುಮನೆಗಳ ಒಡತಿ. ಹೊಲ ಕಾರ್ಖಾನೆಗಳಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಮಗ ಎಂಟು ರೂಮು ಕಟ್ಟಿಸಿದ್ದ. ಒಡತಿಯಾದರೂ ಸ್ನಾನದ ಹಂಡೆಗೆ ಸೌದೆ ತರುವುದನ್ನು ಅವರು ಬಿಟ್ಟಿರಲಿಲ್ಲ. ಪ್ಯಾಂಟು ಬೂಟು ಹಾಕಿ ಮಣ್ಣು ನೋಡುತ್ತಾ ನಿಂತವರೆಲ್ಲ ಆ ಕಡೆ ಬ್ರೋಕರುಗಳೇ.

“ಯಾರ್ ಜಾಗ ನೋಡಕ್ ಬಂದಿದ್ದೀರಾ ಸಾಮಿ?” ಎಂದರು.

“ಜಾಗ ಅಲ್ಲಮ್ಮ, ಮರ ನೋಡಕ್ಕೆ ಬಂದೆ.”

“ಕಡಿಸ್ತೀರಾ?”

“ಇಲ್ಲಮ್ಮ. ಭಾನುವಾರ ಒಂದಿಪ್ಪತ್ತು ಜನ ಬರ್ತೀವಿ. ನಡೆಯೋದಕ್ಕೆ.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಈ ಕಡೆಯಿಂದ ಹೋಗಿ ಆ ಕಡೆಯಿಂದ ವಾಪಸ್ ಬರ್ತೀವಿ.”

ಪಿಳ್ಳಮ್ಮ ಹೊರೆಯ ಕೆಳಗಿನಿಂದಲೇ ಶರಣಪ್ಪನ ಕಡೆ ಕಣ್ಣು ಹೊರಳಿಸಿ, “ಇವ್ರಿಗೇನ್ ಮೈಯಾಗೆ ಉಸಾರಿಲ್ವೇನಪ್ಪಾ?” ಎಂದು ಕೇಳಿದರು.

“ಹುಷಾರಿರಾಕ ನಡೀತಾರಂತ್ರಿ ಅಮ್ಮಾ” ಎಂದ ಅವನು.

ಭಾನುವಾರ ಇಪ್ಪತ್ತೆರಡು ಜನ ಬಂದರು. ಹೊಸ ಬಿಳಿ ಬೂಟು, ಟೋಪಿ, ನೀರಿನ ಬಾಟಲಿ, ಒಬ್ಬರ ಕೈಯಲ್ಲಿ ಸಣ್ಣ ದುರ್ಬೀನು. ಪಿಳ್ಳಮ್ಮನೇ ದಾರಿ ತೋರಿಸಲು ಮುಂದೆ ನಿಂತರು. ನಾನು ದುಭಾಷಿ. ಹುಣಸೆ ಮರವೊಂದರ ಕೆಳಗೆ ಕಾಲಿನ್ ಸಾಹೇಬರು ಇದಕ್ಕೆಷ್ಟು ವಯಸ್ಸು ಎಂದು ಕೇಳಿದರು.

“ನಮ್ಮತ್ತೆ ಮದ್ವೆಯಾಗಿ ಬಂದಾಗ್ಲೂ ಇಷ್ಟೇ ದಪ್ಪ ಇತ್ತಂತೆ” ಎಂದರು ಪಿಳ್ಳಮ್ಮ.

ನಾನು ಇನ್ನೂರು ವರ್ಷ ಎಂದು ಅನುವಾದಿಸಿದೆ. ಸಾಹೇಬರು ಪುಸ್ತಕದಲ್ಲಿ ಬರೆದುಕೊಂಡರು. ಅವರು ಬರೆದುಕೊಳ್ಳುವುದನ್ನು ಕಂಡು ನನಗೆ ಹುರುಪು ಹತ್ತಿತು. ಈ ತೋಪಿನಲ್ಲಿ ಹಿಂದೆ ದಂಡು ಇಳಿಯುತ್ತಿತ್ತು, ಕುದುರೆಗಳನ್ನು ಈ ಬೇರಿಗೆ ಕಟ್ಟುತ್ತಿದ್ದರು ಎಂದೆಲ್ಲ ಹೇಳಿದೆ. ಅಂದು ನಾನು ಹೇಳಿದ ಇತಿಹಾಸದಲ್ಲಿ ಅರ್ಧದಷ್ಟು ಅಲ್ಲೇ ನೆಟ್ಟು ಅಲ್ಲೇ ನೀರೆರೆದದ್ದು. ಪಿಳ್ಳಮ್ಮ ಒಮ್ಮೆ ನನ್ನ ತೋಳು ಹಿಡಿದು, “ನಾನು ಎರಡು ಮಾತಾಡಿದ್ರೆ ನೀನು ಇಪ್ಪತ್ತು ಮಾತಾಡ್ತೀಯಲ್ಲಪ್ಪಾ, ಅವ್ರ್ ಬಾಸೆ ಅಷ್ಟುದ್ದನಾ?” ಎಂದು ಕೇಳಿದರು.

ಬನದ ಮುಂದೆ ಮಾತ್ರ ಎಲ್ಲರೂ ಬೂಟು ಬಿಡಬೇಕೆಂದರು. ಮುನೇಶ್ವರನ ಒಂದು ಕಡ್ಡಿಯನ್ನೂ ಆ ಊರಿನವರು ಮುರಿಯುವುದಿಲ್ಲ. ನಮ್ಮವರಲ್ಲಿ ಅರ್ಧ ಜನ ಮುಳ್ಳು ನೋಡಿ ಹೊರಗೇ ಉಳಿದರು. ಕಾಲಿನ್ ಸಾಹೇಬರು ಕಾಲುಚೀಲ ಮಡಚಿ ಬೂಟಿನೊಳಗಿಟ್ಟು, ಹಾಲಿನಂಥ ಪಾದಗಳಲ್ಲಿ ಮೆಲ್ಲಗೆ ಒಳಗೆ ಹೋಗಿ, ಕಲ್ಲಿನ ಎದುರು ತಲೆ ತಗ್ಗಿಸಿ ಬಹಳ ಹೊತ್ತು ನಿಂತರು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ಅಂಗಾಲಿಗೆ ಮುಳ್ಳು ನೆಟ್ಟಿತ್ತೆಂಬುದೂ ನಿಜ.

ಈ ದಾರಿಗೊಂದು ನಕ್ಷೆ ಬೇಕು ಎಂದು ಸಾಹೇಬರು ಮರುದಿನ ಹೇಳಿದರು. ನಾನು ಹೆಜ್ಜೆಯ ಯಂತ್ರವನ್ನು ಮೊದಲ ಸಲ ಪ್ರಾಮಾಣಿಕವಾಗಿ ಬಳಸಿದೆ. ಹಿಂದಿನ ಗೇಟಿನಿಂದ ಇಪ್ಪೆ ಮರಕ್ಕೆ ಎಷ್ಟು ಹೆಜ್ಜೆ, ಅಲ್ಲಿಂದ ಬನಕ್ಕೆ ಎಷ್ಟು, ಬನದಿಂದ ಆಚೆ ಮುಖ್ಯರಸ್ತೆಗೆ ಎಷ್ಟು ಎಂದು ಎಣಿಸಿ, ಮಗಳ ಬಣ್ಣದ ಪೆನ್ಸಿಲಿನಲ್ಲಿ ಚೆನ್ನಾದ ಒಂದು ನಕ್ಷೆ ಬರೆದೆ. ಬಂಡಿಜಾಡಿಗೆ ಕೆಂಪು ಚುಕ್ಕೆ, ಮಿಕ್ಕಿದ್ದಕ್ಕೆಲ್ಲ ಹಸಿರು. ಮೂಲೆಯಲ್ಲಿ ಬಾಲ ಬಿಟ್ಟ ಅಕ್ಷರದಲ್ಲಿ ‘ನಕ್ಷೆ: ನಂಜುಂಡಯ್ಯ, ಟೈಂ ಆಫೀಸ್’ ಎಂದು ಸಹಿ. ಅದನ್ನು ಗಾಜು ಹಾಕಿಸಿ ಕ್ಯಾಂಟೀನಿನ ಕೈತೊಳೆಯುವ ಜಾಗದ ಮೇಲೆ ತೂಗುಹಾಕಿದರು. ಒಂದು ತಿಂಗಳು ನಾನು ಅಗತ್ಯಕ್ಕಿಂತ ಹೆಚ್ಚು ಸಲ ಕೈ ತೊಳೆದೆ.

ಹಾಗೆ ತೊಳೆಯುತ್ತಿದ್ದಾಗಲೇ ಒಂದು ದಿನ ಪ್ರಾಜೆಕ್ಟ್ಸ್ ವಿಭಾಗದ ಮುರಳಿ ಬಂದ. ಕಾರ್ಖಾನೆಯ ಕಟ್ಟಡ, ರಸ್ತೆ ಎಲ್ಲ ಅವನ ಉಸ್ತುವಾರಿ. ಚುರುಕು ಹುಡುಗ, ದೊಡ್ಡವರೆಂದರೆ ಮರ್ಯಾದೆ.

“ನಂಜುಂಡ ಸಾರ್, ಮ್ಯಾಪ್ ಸಕ್ಕತ್ತಾಗಿದೆ ಸಾರ್. ಈ ದಾರಿ ಹಿಂದ್ಗಡೆ ಮೇನ್ ರೋಡ್ ತನಕ ಹೋಗುತ್ತಾ?”

“ಹೋಗುತ್ತೆ. ಒಂದು ಏರಿಲ್ಲ, ಹಳ್ಳ ಇಲ್ಲ.”

“ಎಷ್ಟಗಲ ಇದೆ ಸಾರ್?”

“ಎತ್ತಿನಗಾಡಿ ಎರಡು ಎದುರುಬದುರು ಬಂದ್ರೂ ತಾಗಲ್ಲ” ಎಂದೆ, ಆ ದಾರಿಯನ್ನು ನಾನೇ ಹಾಕಿಸಿದವನಂತೆ.

“ಸೂಪರ್ ಸಾರ್” ಎಂದು ಅವನು ಮೊಬೈಲಿನಲ್ಲಿ ನಕ್ಷೆಯ ಫೋಟೋ ತೆಗೆದುಕೊಂಡ. ಜೊತೆಗೆ ನನ್ನದೂ ಒಂದು ತೆಗೆದ. ನಾನು ಹೊಟ್ಟೆ ಒಳಗೆಳೆದು ನಿಂತೆ.

ಎರಡು ತಿಂಗಳಾಗಿರಬೇಕು. ಬೆಳಿಗ್ಗೆ ಕಾರ್ಡು ಒತ್ತಲು ಬಂದ ಶರಣಪ್ಪ ಕಿಟಕಿಯಲ್ಲಿ ಬಗ್ಗಿ, “ಸರ, ಗಿಡಕ್ಕೆಲ್ಲ ಕೆಂಪು ಬಣ್ಣ ಹಚ್ಯಾರ್ರಿ. ನಂಬರ್ ಹಾಕ್ಯಾರ” ಎಂದ. ಅವನ ಕಡೆ ಎಷ್ಟೇ ದೊಡ್ಡ ಮರವಾದರೂ ಗಿಡವೇ. ಊಟದ ಹೊತ್ತಿಗೆ ಹೋಗಿ ನೋಡಿದೆ. ಬಂಡಿಜಾಡಿನ ಎರಡೂ ಬದಿಯ ಮರಗಳ ತೊಗಟೆ ಕೆತ್ತಿ ಅಂಗೈಯಗಲದ ಅಂಕಿ ಬರೆದಿದ್ದರು.

ಮುರಳಿಯ ಮೇಜಿನ ಮೇಲೆ ನನ್ನ ನಕ್ಷೆಯ ಪ್ರತಿ ಇತ್ತು. ನನ್ನ ಕೆಂಪು ಚುಕ್ಕೆಗಳ ಮೇಲೆ ಸ್ಕೇಲಿಟ್ಟು ಎರಡು ದಪ್ಪ ಗೆರೆ ಎಳೆದಿದ್ದರು. ಮೂಲೆಯಲ್ಲಿ ನನ್ನ ಸಹಿ ಬಾಲದ ಸಮೇತ ಹಾಗೇ ಇತ್ತು.

“ನಮ್ ಲಾರಿಗಳು ಊರೆಲ್ಲ ಸುತ್ತಿ ಬರೋದು ತಪ್ಪುತ್ತೆ ಸಾರ್” ಎಂದ ಮುರಳಿ ಸಂತೋಷದಿಂದ. “ಸರ್ಕಾರಿ ಜಾಗ. ರೆಕಾರ್ಡಲ್ಲಿ ಖಾಲಿ ಜಾಗ ಅಂತಿದೆ. ಊರವ್ರೂ ಒಪ್ಕೊಂಡಿದಾರೆ. ನಿಮ್ ಕಾಂಟ್ರಿಬ್ಯೂಷನ್ ಅಂತ ಮೀಟಿಂಗಲ್ಲೂ ಹೇಳ್ದೆ ಸಾರ್.”

ಕಾಲಿನ್ ಸಾಹೇಬರ ಹತ್ತಿರ ಓಡಿದೆ. ಅವರು ಕಿಟಕಿಯ ಬಳಿ ಹೋಗಿ ಕೈಕಟ್ಟಿ ನಿಂತರು. ತಮ್ಮ ದೇಶದಲ್ಲಾದರೆ ಇಂಥದನ್ನು ಊಹಿಸಲೂ ಆಗದು ಎಂದರು. ತಮಗೆ ನಿದ್ದೆ ಬಂದಿಲ್ಲ ಎಂದರು. ಆದರೆ ಇದು ಸ್ಥಳೀಯರ ತೀರ್ಮಾನ, ಹೊರಗಿನವರಾದ ತಾವು ಮಧ್ಯೆ ಬರುವುದು ಸರಿಯಲ್ಲ ಎಂದರು. ಫೈಲಿನಲ್ಲಿ ಒಪ್ಪಿಗೆಯ ಸಹಿ ಅವರದೇ ಇತ್ತು. ನಕ್ಷೆಯ ಮೇಲೆ ನನ್ನದು, ಒಪ್ಪಿಗೆಯ ಮೇಲೆ ಅವರದು. ಇಡೀ ಕಾರ್ಖಾನೆಯಲ್ಲಿ ಮರಗಳನ್ನು ಪ್ರೀತಿಸುತ್ತಿದ್ದವರು ನಾವಿಬ್ಬರೇ.

ಸಂಜೆ ಕಂಪನಿ ಬಸ್ಸು ಬಿಟ್ಟು ಪಿಳ್ಳಮ್ಮನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಮಗನಿಗೂ ರಸ್ತೆ ಬೇಕಾಗಿದೆ, ರೂಮುಗಳ ಮುಂದೆ ಟಾರು ಬಂದರೆ ಅವನಿಗೆ ಅನುಕೂಲ, ಮಳೆಗಾಲದಲ್ಲಿ ಊರೊಳಗೆ ಆಂಬುಲೆನ್ಸೂ ಬರುವುದಿಲ್ಲ, ಅವನ ಮಾತೂ ತಪ್ಪಲ್ಲ ಎಂದರು. ಆಮೇಲೆ ನಕ್ಷೆ ತೋರಿಸು ಎಂದರು. ನನ್ನ ಜೇಬಿನಲ್ಲಿದ್ದ ಪ್ರತಿಯನ್ನು ತೊಡೆಯ ಮೇಲೆ ಹರಡಿಕೊಂಡು ನೋಡಿದರು.

“ದಾರಿ ಇದಾ? ಸರಿ. ಮರ ಎಲ್ಲಿ ಬರ್ದಿದ್ದೀಯಾ?”

“ಮರ ಬರೀಲಿಲ್ಲಮ್ಮ. ಹಸಿರು ಬಣ್ಣ ಹಚ್ಚಿಬಿಟ್ಟೆ.”

“ಬಣ್ಣ ಕಡಿಯಕ್ಕೆ ಅವ್ರು ಯಾರನ್ನಪ್ಪಾ ಕೇಳ್ಬೇಕು?” ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. “ಒಂದೊಂದ್ ಮರಾನೂ ಬರಿ. ಎಸ್ರು ನಾನೇಳ್ತೀನಿ.”

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಮಗಳನ್ನು ಆಗಷ್ಟೇ ಕಾಲೇಜಿಗೆ ಸೇರಿಸಿದ್ದೆವು. ಹೆಂಡತಿ ಅನ್ನ ಬಡಿಸುತ್ತಲೇ, “ಮರ ಅವರೂರಿಂದು ಕಣ್ರೀ, ಕೆಲಸ ನಮ್ಮನೇದು” ಎಂದಳು. ನಾನು ಬಹಳ ಯೋಚಿಸಿ ಒಂದು ಮಧ್ಯದ ದಾರಿ ಕಂಡುಕೊಂಡೆ. ನಕ್ಷೆ ಬರೆಯುವುದು, ಸಹಿ ಮಾತ್ರ ಹಾಕದಿರುವುದು. ನನ್ನ ಧೈರ್ಯಗಳೆಲ್ಲ ಸುಮಾರಾಗಿ ಈ ಅಳತೆಯವೇ.

ಎರಡು ಭಾನುವಾರ ಅಳೆದೆವು. ಶರಣಪ್ಪ ತನ್ನ ರೂಮಿನ ಇಬ್ಬರನ್ನು ಕರೆತಂದು ಟೇಪು ಹಿಡಿಸಿದ. ಪಿಳ್ಳಮ್ಮ ಒಂದೊಂದು ಮರದ ಹತ್ತಿರ ನಿಂತು ಹೆಸರು ಹೇಳಿದರು. ನಾಟಿಯ ಕಾಲದಲ್ಲಿ ಕೂಸುಗಳಿಗೆ ಸೀರೆಯ ಜೋಲಿ ಕಟ್ಟುತ್ತಿದ್ದ ಜೋಲಿ ಹುಣಸೆ. ಹಣ್ಣಾದದ್ದು ಎಲೆಯ ಮರೆಯಲ್ಲಿ ಯಾರಿಗೂ ಕಾಣದ ಕಳ್ಳನೇರಳೆ. ಸಿಹಿಯಾದ ಅಳಿಯನ ಮಾವು, ಪಕ್ಕದಲ್ಲೇ ಹುಳಿಯಾದ ಸೊಸೆ ಮಾವು. “ಅಳಿಯ ಬಂದ್ರೆ ಆ ಮರದ್ದು, ನಮಗೆ ಈ ಮರದ್ದು” ಎಂದು ನಕ್ಕರು. ಒಂದು ಇಪ್ಪೆಯ ಹತ್ತಿರ ಮಾತ್ರ ಹೆಸರು ಹೇಳದೆ ಬೊಡ್ಡೆ ಸವರಿ ಮುಂದೆ ಹೋದರು. ‘ಇಪ್ಪೆ’ ಎಂದಷ್ಟೇ ಬರೆದೆ. ಬನ ಬಿಟ್ಟು ಎಪ್ಪತ್ತಮೂರು ಮರವಾದವು. ಈ ಸಲ ದಂಡು, ಕುದುರೆ ಏನನ್ನೂ ಸೇರಿಸಲಿಲ್ಲ.

ರಸ್ತೆಯ ವಿಚಾರಕ್ಕೆ ಊರಿನ ಶಾಲೆಯ ಅಂಗಳದಲ್ಲಿ ಸಭೆ ಕರೆದರು. ಕಂಪನಿಯ ಪರವಾಗಿ ಮುರಳಿ ಬಂದ. ನಕ್ಷೆಯ ಕರ್ತೃವೆಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಅಧಿಕಾರಿ ಒಬ್ಬರು ಮೇಜಿನ ಹಿಂದೆ ಕೂತು ಖಾಲಿ ಜಾಗವೆಂದು ಓದಿದರು. ಊರವರು ಹೂಂ ಎಂದರು. ಪಿಳ್ಳಮ್ಮ ಎದ್ದು ಹೋಗಿ ಹೊಸ ನಕ್ಷೆಯ ಸುರುಳಿ ಬಿಚ್ಚಿ ಮೇಜಿನ ಮೇಲಿಟ್ಟರು.

“ಕಾಲಿ ಅಂತೀರಲ್ಲ ಸಾಮಿ, ಇದ್ನ ಒಸಿ ಎಣ್ಸಿ.”

ಅಧಿಕಾರಿ ಬಗ್ಗಿ ನೋಡಿದರು. ಬೆರಳಿಟ್ಟು ಕೆಲವು ಹೆಸರುಗಳನ್ನು ಓದಿದರು. ಸೊಸೆ ಮಾವಿನ ಹತ್ತಿರ ಅವರ ಮೀಸೆ ಸ್ವಲ್ಪ ಅಲುಗಿತು. ನಂತರ ಕೇಳಿದರು: “ಯಾರಮ್ಮ ಮಾಡಿದ್ದು? ಸಹಿ ಇಲ್ಲ. ಸಹಿ ಇಲ್ಲದ ಕಾಗದ ನಾನು ತಗೊಳ್ಳೋ ಹಾಗಿಲ್ಲ.”

ಪಿಳ್ಳಮ್ಮ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ನಾನು ಬೇರೆ ಕಡೆ ನೋಡುತ್ತಿದ್ದೆ, ಅದು ಸುಲಭವಿತ್ತು. ಹಿಂದಿನಿಂದ ಒಂದು ಧ್ವನಿ ಬಂತು.

“ನಾ ಮಾಡೇನ್ರಿ ಸರ.”

ಶರಣಪ್ಪ. ಒಂದು ಮಾತಿನಲ್ಲಿ ಕೆಲಸದಿಂದ ತೆಗೆದುಹಾಕಬಹುದಾದ ಮನುಷ್ಯ, ಮುರಳಿಗೆ ಕಾಣುವ ಹಾಗೆ ಕೈ ಎತ್ತಿಕೊಂಡು ನಿಂತಿದ್ದ.

“ನೀನಾ? ಯಾವೂರಪ್ಪ ನಿಂದು?” ಎಂದರು ಅಧಿಕಾರಿ.

“ಯಾದಗಿರಿ ಕಡೀರಿ.”

ಜನ ನಕ್ಕರು. ಯಾದಗಿರಿಯವನಿಗೆ ಇಲ್ಲಿನ ಮರದ ಉಸಾಬರಿ ಯಾಕೆ ಎಂದು ಯಾರೋ ಅಂದರು. ಅವನು ಕೈ ಇಳಿಸಲಿಲ್ಲ.

ನಾನು ಎದ್ದೆ. ಧೈರ್ಯದಿಂದ ಎದ್ದೆನೆಂದು ಹೇಳಲಾರೆ. ಕುರ್ಚಿಯಲ್ಲಿ ಕೂತಿರಲು ನಾಚಿಕೆಯಾಯಿತು, ಅಷ್ಟೇ. ಮೇಜಿನ ತನಕ ನಡೆದೆ. “ನಾನೇ ಮಾಡಿದ್ದು ಸಾರ್” ಎಂದು ಸಹಿ ಹಾಕಲು ಹೋದರೆ ಜೇಬಿನಲ್ಲಿ ಪೆನ್ನಿರಲಿಲ್ಲ. ಹಿಂದಕ್ಕೆ ತಿರುಗಿದೆ. ಮುರಳಿ ಒಂದು ಕ್ಷಣ ನನ್ನನ್ನೇ ನೋಡಿ, ಎದ್ದು ಬಂದು ತನ್ನ ಪೆನ್ನು ಕೊಟ್ಟ. ದೊಡ್ಡವರೆಂದರೆ ಅವನಿಗೆ ಮರ್ಯಾದೆ ಎಂದು ಆಗಲೇ ಹೇಳಿದೆನಲ್ಲ. ಈ ಸಹಿಗೆ ಬಾಲ ಹಾಕಲು ಕೈ ಬರಲಿಲ್ಲ.

ಆದದ್ದು ಇಷ್ಟು. ಎಪ್ಪತ್ತಮೂರು ಮರ ಲೆಕ್ಕಕ್ಕೆ ಬಂದ ಮೇಲೆ ಆ ಜಾಗವನ್ನು ಖಾಲಿ ಎನ್ನಲು ಆ ಅಧಿಕಾರಿಗೂ ಬಾಯಿ ಬರಲಿಲ್ಲ. ರಸ್ತೆಯನ್ನು ಕೆರೆಯ ಏರಿಯ ಕೆಳಗೆ ಬಳಸಿ ಒಯ್ದರು. ಬಾಗುವ ಜಾಗದಲ್ಲಿ ಒಂಬತ್ತು ಮರ ಹೋದವು. ಅವುಗಳಲ್ಲಿ ಅಳಿಯನ ಮಾವೂ ಒಂದು. ಸೊಸೆ ಮಾವು ಉಳಿಯಿತು. ಊರಿಗೆ ರಸ್ತೆಯೂ ಬಂತು, ಆಂಬುಲೆನ್ಸೂ ಬಂತು, ಪಿಳ್ಳಮ್ಮನ ಮಗ ಮೇಲೆ ಇನ್ನೆಂಟು ರೂಮು ಎಬ್ಬಿಸಿದ. ಕಾಲಿನ್ ಸಾಹೇಬರು ಊರಿಗೆ ಮರಳುವಾಗ ಬೀಳ್ಕೊಡುಗೆಯ ಭಾಷಣದಲ್ಲಿ ಆ ತೋಪನ್ನು ಉಳಿಸಿದ್ದು ತಮ್ಮ ಇಲ್ಲಿನ ದಿನಗಳ ಹೆಮ್ಮೆ ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಅಷ್ಟರಲ್ಲಿ ಅವರು ಅದನ್ನು ನಂಬಿದ್ದರು.

ಶರಣಪ್ಪನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಅವನು ಮರುವಾರವೇ ಪಕ್ಕದ ಕಾರ್ಖಾನೆಗೆ ಸೇರಿ ಅದೇ ರೂಮಿನಲ್ಲಿ ಉಳಿದ. ನನ್ನನ್ನು ಮಾದನಾಯಕನಹಳ್ಳಿಯ ಗೋದಾಮಿಗೆ ವರ್ಗ ಮಾಡಿದರು. ಬೆಂಗಳೂರನ್ನು ಒಂದು ತಟ್ಟೆಯೆಂದುಕೊಂಡರೆ ಜಿಗಣಿ ಈ ಅಂಚು, ಅದು ಆ ಅಂಚು. ದಿನಾ ಮೂರು ಬಸ್ಸು, ನಡುವೆ ಎರಡು ಮೇಲ್ಸೇತುವೆ ಹತ್ತಿ ಇಳಿಯುವುದು. ಆರು ತಿಂಗಳಲ್ಲಿ ಹೊಟ್ಟೆ ಕರಗಿತು. ಕಂಪನಿ ನನ್ನ ಆರೋಗ್ಯಕ್ಕೆಂದು ಮಾಡಿದ ಕೆಲಸಗಳಲ್ಲಿ ಫಲ ಕೊಟ್ಟದ್ದು ಇದೊಂದೇ.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಪಿಳ್ಳಮ್ಮನನ್ನು ನೋಡಲು ಹೋದೆ. ತೋಪಿನ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಅಲ್ಲಿನವರ ಒತ್ತಾಯಕ್ಕೆ ತೋಪಿಗೆ ತಂತಿಬೇಲಿ, ಗೇಟು, ಸಿಮೆಂಟಿನ ಕಾಲುದಾರಿ, ಬೆಂಚು ಎಲ್ಲ ಬಂದಿದ್ದವು. ಬೆಳಿಗ್ಗೆ ಎಂಟೂವರೆಯ ತನಕ ಮಾತ್ರ ಪ್ರವೇಶ. ಮೇಕೆ ಬಿಡಬಾರದು, ಸೌದೆ ಆರಿಸಬಾರದು, ಹಣ್ಣು ಕೀಳಬಾರದು ಎಂದು ಫಲಕ. ಪಿಳ್ಳಮ್ಮನಿಗೆ ಎಂಬತ್ತರ ಹತ್ತಿರ. ಮಂಡಿಗೆ ದಿನಾ ಸ್ವಲ್ಪ ನಡೆಯಬೇಕೆಂದು ಡಾಕ್ಟರು ಹೇಳಿದ್ದರಂತೆ. ಬಿಳಿ ಬೂಟಿನವರ ನಡುವೆ ಬರಿಗಾಲಲ್ಲಿ, ನನ್ನ ತೋಳು ಹಿಡಿದು, ಜೋಲಿ ಹುಣಸೆಯ ತನಕ ಬಂದು ಬೆಂಚಿನ ಮೇಲೆ ಕೂತರು. ತಲೆಯನ್ನು ಹಿಂದಕ್ಕೆ ಒರಗಿಸಿದರು.

ನಿದ್ದೆ ಹೋದರೇನೋ ಎಂದು ನೋಡಿದೆ. ಕಣ್ಣು ಬಿಟ್ಟೇ ಇತ್ತು.

“ಎಷ್ಟೆತ್ರ ಐತಪ್ಪಾ ಇದು” ಎಂದರು. “ತುದಿಯಾಗೆ ಗಿಣಿ ಗೂಡ್ ಮಾಡವೆ ನೋಡು.”

“ನಿಮಗೆ ಗೊತ್ತಿರಲಿಲ್ವಾ ಅಮ್ಮ? ಮದುವೆಯಾಗಿ ಬಂದಾಗಿಂದ ಈ ಮರ ನೋಡಿದ್ದೀರಲ್ಲ.”

“ಬುಡ ನೋಡಿವ್ನಿ. ಸೌದೆ ಒರೆ, ಉಲ್ಲು ಒರೆ, ನೀರಿನ್ ಕೊಡ. ತಲೆ ಮ್ಯಾಲೆ ಏನಾರ ಇಟ್ಕಂಡೇ ಇಲ್ಲಿ ಓಡಾಡಿದ್ದು ಕಣಪ್ಪಾ. ಮ್ಯಾಕೆ ನೋಡಿದ್ರೆ ಒರೆ ಬಿದ್ದೋಯ್ತದೆ.”

ನಾನೂ ಮೇಲೆ ನೋಡಿದೆ.

ಎಂಟೂವರೆಯಾಯಿತು. ವಾಚ್‌ಮನ್ ಸೀಟಿ ಊದುತ್ತಾ ಎಲ್ಲರನ್ನೂ ಹೊರಡಿಸಿಕೊಂಡು ನಮ್ಮ ಹತ್ತಿರ ಬಂದ. ಟೈಮಾಯ್ತು ಅಜ್ಜಿ, ಬೀಗ ಹಾಕ್ಬೇಕು ಎಂದ. ಪಿಳ್ಳಮ್ಮ ಕತ್ತು ಇಳಿಸದೆಯೇ ಹೇಳಿದರು:

“ಆಕ್ಕಂಡು ಓಗಪ್ಪಾ. ಬೇಲಿ ಎಲ್ಲಿ ಕಿತ್ತೋಗೈತೆ ಅಂತ ನಂಗೊತ್ತು. ಇನ್ನೊಸಿ ನೋಡ್ಬೇಕು.”